ಕೊನೆಯ ಸಾಲಿನ ಮುಖ

ಬಟ್ಟೆ ಅಳೆದು ಅಳೆದು ಕೈ ಸವೆದವರಿಗೆ ಮನುಷ್ಯರೂ ಥಾನುಗಳ ಹಾಗೆಯೇ ಕಾಣುತ್ತಾರೆ. ಎದುರಂಗಡಿಯ ಮೈಕಣ್ಣನನ್ನು ಬಿಚ್ಚಿ ಹಲಗೆಯ ಮೇಲೆ ಹರವಿದರೆ ಕಾಣುವುದು ಇಷ್ಟು: ಉದ್ದ ಸ್ವಲ್ಪ ಕಡಿಮೆ, ಅಗಲ ಧಾರಾಳ. ನೂಲು ಒರಟು, ನೇಯ್ಗೆ ಬಿಗಿ. ಒಗೆದರೆ ಕುಗ್ಗುವ ಮಾಲಲ್ಲ. ಆದರೆ ಎಷ್ಟು ಇಸ್ತ್ರಿ ತಿಕ್ಕಿದರೂ ಸುಕ್ಕು ಹೋಗುವುದಿಲ್ಲ. ಒಂದು ಅಂಚು ಸವೆದಿದೆ, ಅದು ಮಡಿಕೆಯ ಒಳಗೆ ಹೋಗಿರುವುದರಿಂದ ಮೇಲುನೋಟಕ್ಕೆ ತಿಳಿಯುವುದಿಲ್ಲ. ದರ ಕೇಳಿದರೆ ಗಿರಾಕಿ ಬಾಯಿ ತೆರೆಯುವ ಮೊದಲು ತಾನೇ ಇಳಿಸುತ್ತಾನೆ. ಇದೊಂದೇ ಗುಣಕ್ಕೆ ಅವನನ್ನು ವ್ಯಾಪಾರಕ್ಕೆ ನಾಲಾಯಕ್ಕು ಎಂದು ನಮ್ಮ ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿ ಬಹಳ ಕಾಲವಾಯಿತು.

ಅವನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಸುಬು. ಅಂಗಡಿ ಎಂದರೆ ಒಂದು ಶಟರು. ಎತ್ತಿದರೆ ಒಳಗೆ ಲೋಟಗಳನ್ನು ಪೇರಿಸಿದ ಹಾಗೆ ಒಂದರೊಳಗೊಂದು ಹಾರ್ನುಗಳು, ಗೋಡೆಯ ಮೊಳೆಗಳಿಗೆ ಸುರುಳಿ ಸುರುಳಿಯಾಗಿ ತೂಗುಹಾಕಿದ ವೈರು, ಮೂಲೆಯಲ್ಲಿ ಕಾಲು ಮಡಚಿಕೊಂಡು ನಿಂತ ಸ್ಟ್ಯಾಂಡುಗಳು. ಹಿಂದೆ ಎರಡು ಕೋಣೆ. ಅಲ್ಲಿಯೇ ಸಂಸಾರ. ಮನೆಯಾಕೆ ನನ್ನ ಅಂಗಡಿಯ ತುಂಡುಬಟ್ಟೆ ಆರಿಸಿ ತಂದು ಸ್ಪೀಕರ್ ಡಬ್ಬಗಳಿಗೆ ಗವಸು ಹೊಲಿಯುತ್ತಾಳೆ. ಹೂವಿನ ಚೀಟಿಬಟ್ಟೆಯ ಗವಸು ತೊಟ್ಟ ಆ ಡಬ್ಬಗಳು ಸಭೆಗೆ ಹೊರಟರೆ, ಸ್ಪೀಕರಿಗಿಂತ ಹೆಚ್ಚಾಗಿ ಬೀಗರ ಮನೆಗೆ ಹೊರಟ ಅಕ್ಕತಂಗಿಯರ ಹಾಗೆ ಕಾಣುತ್ತವೆ.

ಮೈಕಣ್ಣ ಮಾತಾಡುವುದೇ ಜೋರು. ಅವನು "ಒಂದು ಟೀ ಕೊಡಪ್ಪಾ" ಎಂದರೆ ಪಕ್ಕದ ಬೀದಿಯಲ್ಲೂ ಒಬ್ಬ ಲೋಟ ತೊಳೆದಿಡುತ್ತಾನೆ ಎಂಬುದು ಟೀ ಅಂಗಡಿಯವನ ಹಳೆಯ ಜೋಕು. ಅವನು ಫೋನಿನಲ್ಲಿ ಮಾತಾಡುತ್ತಿದ್ದರೆ ಟೀ ಅಂಗಡಿಯವನು ಅಲ್ಲಿಂದಲೇ ಕೂಗುತ್ತಿದ್ದ: "ಫೋನ್ ಯಾಕಣ್ಣಾ ದಂಡ! ಕಿಟಕಿ ತೆಗೆದು ಹೇಳು, ಮುಟ್ಟುತ್ತೆ."

ಇಂಥವನು ಕೆಲಸಕ್ಕೆ ನಿಂತರೆ ಮಾತ್ರ ಬಾಯಿ ಹೊಲಿದುಕೊಂಡವನು. ಅವನದೊಂದು ಪದ್ಧತಿ ಇತ್ತು. ಬೇರೆ ಮೈಕಿನವರು ಯಂತ್ರ ಹಚ್ಚಿ, ಕಾಲ ಮೇಲೆ ಕಾಲು ಹಾಕಿಕೊಂಡು ಭಾಷಣ ಕೇಳುತ್ತಾರೆ. ಮೈಕಣ್ಣ ವೇದಿಕೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಕೈ ಯಂತ್ರದ ಸದ್ದು ಏರಿಳಿಸುವ ತಿರುಪಿನ ಮೇಲೆ, ಕಣ್ಣು ಜನರ ಕೊನೆಯ ಸಾಲಿನ ಮೇಲೆ.

"ಮಾತಾಡೋರನ್ನ ನೋಡ್ಬಾರ್ದು ಯಜಮಾನ್ರೇ," ಎಂದು ಒಮ್ಮೆ ನನಗೆ ಪಾಠ ಹೇಳಿದ್ದ. "ಕೊನೇ ಸಾಲಿನ ಮುಖ ನೋಡ್ಬೇಕು. ಕುತ್ತಿಗೆ ಮುಂದೆ ಬಂತೋ, ಕೇಳ್ತಿಲ್ಲ ಅಂತ, ಏರಿಸ್ಬೇಕು. ಭುಜ ಕುಗ್ಗಿತೋ, ಚುಚ್ತಾ ಇದೆ ಅಂತ, ಇಳಿಸ್ಬೇಕು. ಪಕ್ಕದೋರ ಜೊತೆ ಮಾತಿಗೆ ಶುರು ಮಾಡಿದ್ರೋ, ಅದು ನನ್ನ ಕೆಲಸ ಅಲ್ಲ, ಭಾಷಣದೋರ ತಪ್ಪು."

"ಹಾಗಾದ್ರೆ ಇಷ್ಟು ಮದುವೆಗೆ ಮೈಕ್ ಹಾಕಿದೀಯ, ಒಬ್ಬ ಮದುಮಗಳ ಮುಖಾನಾದ್ರೂ ನೋಡಿದೀಯೇನೋ?"

"ನನ್ನ ಮದುವೇಲಿ ನೋಡಿದ್ದು. ಅವತ್ತು ಮೈಕ್ ಬೇರೆಯೋರದು."

ಇವನಿಗೆ ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹುಡುಗಿಯನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ಓದಿನಲ್ಲಿ ಚುರುಕು, ಮಾತಿನಲ್ಲಿ ಹದ. ಮೈಕಣ್ಣನ ಹೆಮ್ಮೆಗೆ ಮಾತ್ರ ಯಾವ ತಿರುಪೂ ಇರಲಿಲ್ಲ. ಸೋಪು ತರಲು ಹೋದ ಅಂಗಡಿಯಲ್ಲೂ ಮಗಳ ಮಾರ್ಕ್ಸು ಹೇಳಿ ಬರುತ್ತಿದ್ದ. ಒಂದೇ ಕೊರಗು: "ಎಲ್ಲಾ ಇದೆ, ಗಂಟಲೊಂದಿಲ್ಲ. ನನ್ನ ಹೊಟ್ಟೇಲಿ ಹುಟ್ಟಿ ಇಲಿ ಹಾಗೆ ಮಾತಾಡ್ತಾಳೆ."

ನನಗೆ ಆ ಹುಡುಗಿಯ ಮಾತು ರಸ್ತೆಯ ಆಚೆಯಿಂದ ನೆಟ್ಟಗೆ ಕೇಳುತ್ತಿತ್ತು. ಆದರೆ ತಂದೆಯಾದವನು ಮಗಳ ಮೇಲೆ ಹೊರಿಸುವ ಕೊರತೆಯಲ್ಲಿ ಪಕ್ಕದವರು ಬಾಯಿ ಹಾಕುವುದಿಲ್ಲ.

ಶಾಲೆಯ ಭಾಷಣ ಸ್ಪರ್ಧೆಗೆ ವಾರವಿರುವಾಗ ಮಗಳು ಊಟಕ್ಕೆ ಕೂತವಳು ಸುದ್ದಿ ಎತ್ತಿದಳು.

"ಅಪ್ಪಾ, ಈ ಸಲದ ವಿಷಯ ಗೊತ್ತಾ? ಶಬ್ದಮಾಲಿನ್ಯ."

ಒಲೆಯ ಮುಂದಿದ್ದ ತಾಯಿಗೆ ನಗು ತಡೆಯಲಾಗಲಿಲ್ಲ. "ಸರಿಹೋಯ್ತು. ಅಪ್ಪ ಮಾಡೋದು, ಮಗಳು ಬೈಯೋದು! ಕಳ್ಳನೂ ಪೊಲೀಸೂ ಒಂದೇ ತಟ್ಟೇಲಿ ಉಂಡ ಹಾಗೆ."

"ಬೈಲಿ ಬಿಡೇ," ಎಂದ ಮೈಕಣ್ಣ. "ಬೈಯೋಕೂ ನನ್ನ ಮೈಕೇ ಬೇಕಲ್ಲ!"

ಆ ವಾರವೆಲ್ಲ ಸಂಜೆ ಅಭ್ಯಾಸ ನಡೆಯಿತು. ಅಂಗಡಿಯ ನಡುವೆ ಸ್ಟ್ಯಾಂಡು ನಿಲ್ಲಿಸಿ, ವೈರು ಹಚ್ಚದ ಮೈಕು ಸಿಕ್ಕಿಸಿ, ಮಗಳನ್ನು ಅದರ ಮುಂದೆ ನಿಲ್ಲಿಸಿದ. ತಾನು ಹೊರಗಿನ ಮೆಟ್ಟಿಲ ಮೇಲೆ ಕೂತ.

"ಇನ್ನೂ ಜೋರಾಗಿ!"

ಅವಳು ಏರಿಸಿದಳು.

"ಇನ್ನೂ! ಬೆಳಗ್ಗೆಯಿಂದ ಏನೂ ತಿಂದಿಲ್ವಾ?"

ಅವಳು ಇನ್ನೂ ಏರಿಸಿದಳು. ಒಳಗಿನಿಂದ ತಾಯಿ ಬಂದು ಬಾಗಿಲಲ್ಲಿ ನಿಂತಳು. "ಸಾಕು ರೀ. ಪಕ್ಕದ ಮನೆ ಮಗು ಎದ್ದು ಅಳ್ತಾ ಇದೆ. ಮಗಳ ಗಂಟಲು ಹರಿದುಹೋಗುತ್ತೆ."

"ನೀನು ಯಾವಾಗ್ಲೂ ಅವಳ ಪರ."

"ಹೂಂ, ನಿಮ್ಮ ಹತ್ರ ಹೇಳೋದೂ ಒಂದೇ, ಆ ಗೋಡೆಗೆ ಹೇಳೋದೂ ಒಂದೇ," ಎಂದು ಆಕೆ ಒಳಗೆ ಹೋದಳು. ಅದೇ ಮಾತು ಬೇರೆ ದಿನ ತಮಾಷೆಯಾಗಿರುತ್ತಿತ್ತು. ಅವತ್ತು ಆಕೆಯ ಮುಖದಲ್ಲಿ ತಮಾಷೆ ಇರಲಿಲ್ಲವೆಂಬುದು ಅವನಿಗೆ ಆಮೇಲೆ ನೆನಪಾಯಿತು.

ಮಗಳು ಮೈಕು ಬಿಟ್ಟು ಬಂದು ಮೆಟ್ಟಿಲ ಮೇಲೆ, ಅವನ ಬಲಕ್ಕೆ ಕೂತಳು. ಅವಳು ಕೂರುವುದು ಯಾವಾಗಲೂ ಬಲಕ್ಕೇ. ಊಟಕ್ಕೂ, ನಡೆಯುವಾಗಲೂ. ಬಲಗಡೆ ಬೆಳಕು ಜಾಸ್ತಿ ಎಂದೋ ಏನೋ ಅವನು ಅಂದುಕೊಂಡಿದ್ದ. ಅದನ್ನೆಲ್ಲ ಯಾವ ತಂದೆ ಯೋಚಿಸುತ್ತಾನೆ?

"ಅಪ್ಪಾ, ಒಂದು ಮಾತು ಕೊಡ್ಬೇಕು."

"ಏನು ಮರೀ?"

"ನನ್ನ ಸರದಿ ಬಂದಾಗ ನೀನು ತಿರುಪು ಮುಟ್ಬಾರ್ದು."

ಮೈಕಣ್ಣ ನಕ್ಕ. "ಚೆನ್ನಾಗಿದೆ! ಊರ ಮಕ್ಕಳಿಗೆಲ್ಲ ಏರಿಸಿ ಇಳಿಸಿ ಮಾಡೋನು, ನನ್ನ ಮಗಳಿಗೆ ಕೈಕಟ್ಟಿ ಕೂತ್ಕೋಬೇಕಾ?"

"ಹೋದ ವರ್ಷ ಗೆದ್ದಾಗ ಏನಂದ್ರು ಗೊತ್ತಾ? ಮಾತಾಡಿದ್ದು ಇವಳಲ್ಲ, ಇವಳಪ್ಪನ ಡಬ್ಬ ಅಂದ್ರು." ಅವಳು ನೆಲ ನೋಡುತ್ತ ಹೇಳಿದಳು. "ಈ ಸಲ ಗೆದ್ರೆ ನಾನೇ ಗೆಲ್ಬೇಕು. ನಂಗೆ ಗೆಲ್ಲೋದು ಬೇಕೇ ಬೇಕು ಅಪ್ಪಾ. ಮುಟ್ಟಲ್ಲ ಅಂತ ಹೇಳು."

"ಕೇಳಿಸ್ದೇ ಇದ್ರೆ?"

"ಕೇಳಿಸುತ್ತೆ."

ಅವನು ಮಾತು ಕೊಟ್ಟ. ಮಾತು ಕೊಡುವುದು ಅವನಿಗೆ ಬಾಡಿಗೆ ಇಳಿಸಿದಷ್ಟೇ ಸುಲಭ.

ಸ್ಪರ್ಧೆಯ ಹಿಂದಿನ ದಿನ ಸೆಟ್ಟು ಹಾಕಲು ಹೋದಾಗ ಮಗಳೂ ಜೊತೆಗೆ ಹೋದಳು. ಖಾಲಿ ಸಭಾಂಗಣ; ಮೇಲೆ ತಗಡಿನ ಮಾಡು, ಕೆಳಗೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಅರ್ಧಕ್ಕೆ ಸಿಕ್ಕಿಬಿದ್ದ ಪರದೆ. ಅವಳು ಮೈಕಿನ ಮುಂದೆ ನಿಂತು ನಾಲ್ಕು ಸಾಲು ಹೇಳಿ, ಬಾಗಿಲ ಹತ್ತಿರ ಪೊರಕೆ ಹಿಡಿದಿದ್ದ ವಾಚ್‌ಮನ್ನನ್ನು ಕೇಳಿದಳು: "ತಾತಾ, ಅಲ್ಲಿಗೆ ಕೇಳುತ್ತಾ?"

"ಗಂಟೆ ಹೊಡೆದ ಹಾಗೆ ಕೇಳುತ್ತಮ್ಮಾ!"

ಅವಳು ಕೆಳಗಿಳಿದು ಬಂದು, ಅಮ್ಮನ ಉಗುರುಬಣ್ಣದ ಶೀಶೆ ಜೇಬಿನಿಂದ ತೆಗೆದು, ತಿರುಪಿನ ಮೇಲೆ ಕೆಂಪು ಚುಕ್ಕಿಯಿಟ್ಟಳು. "ಇಲ್ಲಿಂದ ಅಲ್ಲಾಡಿಸ್ಬೇಡ."

ಮೈಕಣ್ಣ ತಲೆಯಾಡಿಸಿದ. ಮುದುಕ ಒಳ್ಳೆಯವನು, ಮಗುವಿನ ಮನಸ್ಸು ನೋಯಿಸಬಾರದೆಂದು ಹಾಗೆ ಹೇಳಿದ ಎಂದುಕೊಂಡ. ಅವನು ಆ ನಾಲ್ಕು ಸಾಲಿನಲ್ಲಿ ಎರಡನ್ನು ಮಾತ್ರ ಕೇಳಿದ್ದ.

ಮರುದಿನ ಸಭಾಂಗಣ ತುಂಬಿತು. ನಾನೂ ಹೋಗಿದ್ದೆ. ನನ್ನ ಮೊಮ್ಮಗಳೂ ಅದೇ ಕ್ಲಾಸು, ಅದೇ ಸ್ಪರ್ಧೆ. ಅಂಗಡಿಯನ್ನು ಮಗನಿಗೆ ಒಪ್ಪಿಸಿ, ನಡುಸಾಲಿನ ಕುರ್ಚಿಯಲ್ಲಿ ಬೆವರುತ್ತ ಕೂತೆ. ವೇದಿಕೆಯ ಕೆಳಗೆ ಗೋಡೆಗೆ ತಾಗಿದ ಮೇಜಿನ ಮೇಲೆ ಯಂತ್ರ. ಅದರ ಪಕ್ಕ ಮೈಕಣ್ಣ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಆ ಅಂಗಿಯ ಬಟ್ಟೆ ನನ್ನದೇ ಅಂಗಡಿಯದು, ಗ್ಯಾರಂಟಿ ಮಾಲು. ಅವನ ಮೈಗೆ ಹೋದ ಕೂಡಲೇ ಸುಕ್ಕಾಗಿತ್ತು.

ಸ್ಪರ್ಧೆ ಶುರುವಾಯಿತು. ಒಬ್ಬರ ಮೇಲೊಬ್ಬರು ಬಂದು ಧ್ವನಿವರ್ಧಕವನ್ನು ಧ್ವನಿವರ್ಧಕದಲ್ಲಿಯೇ ಬೈದರು. ಮೈಕು ಹಾಕುವವರಿಗೆ ಮನುಷ್ಯತ್ವವಿಲ್ಲ ಎಂದ ಒಬ್ಬ ಎತ್ತರದ ಹುಡುಗ, ಕುತ್ತಿಗೆಯ ನರ ಉಬ್ಬಿಸಿಕೊಂಡು. ಕೊನೆಯ ಸಾಲಿನಲ್ಲಿ ಭುಜಗಳು ಕುಗ್ಗಿದವು. ಮೈಕಣ್ಣ ಸದ್ದಿಲ್ಲದೆ ಎರಡು ಗೆರೆ ಇಳಿಸಿ ಆ ಹುಡುಗನ ಬೈಗುಳವನ್ನು ಕೇಳುವಂತೆ ಮಾಡಿಕೊಟ್ಟ. ಮುಂದಿನವಳು ಮೈಕಿಗೆ ಹೆದರಿ ಒಂದಡಿ ಹಿಂದೆ ನಿಂತಳು, ಕುತ್ತಿಗೆಗಳು ಮುಂದೆ ಬಂದವು, ಏರಿಸಿದ.

ಆಮೇಲೆ ನನ್ನ ಮೊಮ್ಮಗಳು. ಅವಳ ಹಲ್ಲಿಗೆ ತಂತಿ ಕಟ್ಟಿಸಿದ್ದೆವು. ಅವತ್ತಿನಿಂದ ಅವಳು 'ಸ' ಎಂದರೆ ಸಾಕು, ಸಣ್ಣಗೆ ಸೀಟಿ ಹೊರಡುತ್ತಿತ್ತು. ಕ್ಲಾಸಿನಲ್ಲಿ ಅವಳಿಗೆ 'ಕುಕ್ಕರ್' ಎಂದು ಹೆಸರಿಟ್ಟಿದ್ದರು. ಬೇಡ, ಈ ವರ್ಷ ಬಿಡು ಎಂದರೆ ಕೇಳಲಿಲ್ಲ; ಹಟ, ನಮ್ಮ ಮನೆಯದೇ. ವಿಷಯ ಕೊಟ್ಟವರೂ ಹಗೆ ಸಾಧಿಸಿದ ಹಾಗೆ ಕೊಟ್ಟಿದ್ದರು: ಸದ್ದು, ಸಮಾಜ, ಸಮಸ್ಯೆ, ಸಂಸಾರ.

"ಸಭಿಕರೇ" ಎಂದಳು. ಸೀಟಿ ಮೈಕಿನಲ್ಲಿ ದೊಡ್ಡದಾಗಿ ಮಾಡಿನವರೆಗೂ ಹೋಯಿತು. ಹಿಂದೆ ಯಾರೋ "ಮೂರು ವಿಸಿಲ್ ಆದ್ಮೇಲೆ ಇಳಿಸು" ಎಂದರು. ನಾನು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ.

ಮೈಕಣ್ಣನಿಗೆ ಸೀಟಿ ಕೇಳಿರಲಿಲ್ಲ. ಅವನಿಗೆ ಕಂಡಿದ್ದು ಕೊನೆಯ ಸಾಲು: ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ, ಬಾಯಿಗೆ ಅಡ್ಡ ಹಿಡಿದ ಕೈಗಳು, ಅಲುಗುವ ಭುಜಗಳು. ನಗು ಶುರುವಾಗುವುದು 'ಸ' ಬಂದಾಗ ಮಾತ್ರ ಎಂಬುದನ್ನು ಹುಡುಗರ ಭುಜ ನೋಡಿಯೇ ಹಿಡಿದ. ವಾಲ್ಯೂಮಿನ ಪಕ್ಕದಲ್ಲಿ ಇನ್ನೊಂದು ಸಣ್ಣ ತಿರುಪು ಇರುತ್ತದೆ, ಧ್ವನಿಯ ಮೊನೆಯನ್ನು ಮೊಂಡು ಮಾಡುವುದು. ಅದನ್ನು ಎಡಕ್ಕೆ ತಿರುಗಿಸುತ್ತ ಹೋದ, ಭುಜಗಳು ನಿಲ್ಲುವವರೆಗೆ. ಮೂರನೆಯ ವಾಕ್ಯಕ್ಕೆ ಕೈಗಳು ಬಾಯಿಂದ ಇಳಿದವು. ಐದನೆಯದಕ್ಕೆ ಆ ಹುಡುಗರು ಭಾಷಣ ಕೇಳುತ್ತಿದ್ದರು.

ಅದಾದ ಮೇಲೆ ಅವನ ಮಗಳ ಸರದಿ.

ಮೈಕಣ್ಣ ತಿರುಪನ್ನು ಕೆಂಪು ಚುಕ್ಕಿಗೆ ತಂದ. ಸಣ್ಣ ತಿರುಪನ್ನು ನೆಟ್ಟಗೆ ಮಾಡಿದ. ಆಮೇಲೆ ಎಷ್ಟೋ ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡಿದ. ಕೊನೆಯ ಸಾಲನ್ನು ಬಿಟ್ಟು ವೇದಿಕೆಯ ಕಡೆಗೆ ತಿರುಗಿದ.

ಎರಡು ಜಡೆ, ಬಿಳಿ ರಿಬ್ಬನ್ನು. ಸ್ಟ್ಯಾಂಡನ್ನು ಅವನು ಹೇಳಿಕೊಟ್ಟ ಹಾಗೆಯೇ ತನ್ನ ಗಲ್ಲದ ಎತ್ತರಕ್ಕೆ ಇಳಿಸಿಕೊಂಡಳು. ಹೆದರಿಕೆಯಿಲ್ಲ. ಎದೆ ಒಳಗೊಂದು ಸಣ್ಣ ಒಲೆ ಹಚ್ಚಿದ ಹಾಗಾಯಿತು ಅವನಿಗೆ. ನನ್ನ ಮಗಳು, ಎಂದು ಪಕ್ಕದಲ್ಲಿ ಯಾರಾದರೂ ಇದ್ದರೆ ಹೇಳಿಬಿಡುತ್ತಿದ್ದ.

ಅವಳ ತುಟಿ ಅಲುಗಿತು. ಅವನಿಗೆ ಕೇಳಿದ್ದು ಮುಚ್ಚಿದ ಬಾಗಿಲಾಚೆ ಯಾರೋ ಮಾತಾಡಿದ ಹಾಗೆ. ಮಾತು ಇದೆ, ಅಕ್ಷರವಿಲ್ಲ. ಒಲೆ ಆರಿತು. ಅಯ್ಯೋ, ಗಂಟಲು ಕೈಕೊಟ್ಟಿತು ಎಂದುಕೊಂಡ. ಮುಂದಿನ ಸಾಲಿನ ತೀರ್ಪುಗಾರರೊಬ್ಬರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಕೇಳದೆ ಬೇಸತ್ತು ತಲೆ ಬಗ್ಗಿಸಿದ್ದಾರೆಂದು ಅವನಿಗೆ ಕಂಡಿತು. ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ. ಮಾತು ಕೊಟ್ಟಿದ್ದೀನಿ. ಆದರೆ ಮೈಕಿಗೆ ಹೆದರಿ ದೂರ ನಿಂತ ಆ ಹುಡುಗಿಗೆ ಏರಿಸಿದೆನಲ್ಲ, ಅವಳೇನು ನನಗೆ ನೆಂಟಳೇ? ಯಾರ ಮಗುವಿಗೂ ಮಾಡುವುದನ್ನು ನನ್ನದಕ್ಕೆ ಮಾಡಬಾರದೇ?

ಆ ಹೊತ್ತಿಗೆ ಒಮ್ಮೆ, ಒಂದೇ ಸಲ, ಕುತ್ತಿಗೆ ಹೊರಳಿಸಿ ಕೊನೆಯ ಸಾಲು ನೋಡಿದ್ದರೆ ಸಾಕಿತ್ತು. ಅಲ್ಲಿ ಜನ ಹಾಯಾಗಿ ಒರಗಿ ಕೂತು ಕೇಳುತ್ತಿದ್ದರು. ನಾನು ಪ್ರತಿ ಅಕ್ಷರ ಕೇಳಿದೆ. ಅವಳಷ್ಟು ಸ್ಪಷ್ಟವಾಗಿ ಅವತ್ತು ಯಾರೂ ಮಾತಾಡಿರಲಿಲ್ಲ. ಆದರೆ ಅವನಿಗೆ ಕಣ್ಣು ಕೀಳಲಾಗಲಿಲ್ಲ. ಜಗತ್ತಿನ ಎಲ್ಲ ಅಪ್ಪಂದಿರೂ ಸಭೆಯಲ್ಲಿ ನೋಡುವ ಕಡೆಗೇ ಅವನೂ ನೋಡುತ್ತಿದ್ದ.

ಕೈ ಹೋಯಿತು. ಚುಕ್ಕಿ ದಾಟಿತು. ಸ್ವಲ್ಪ ಕೇಳಿದ ಹಾಗಾಯಿತು; ಇನ್ನೂ ಸ್ವಲ್ಪ ಎಂದುಕೊಂಡ. ಸ್ಪೀಕರಿನ ಸದ್ದು ತಿರುಗಿ ಮೈಕಿಗೇ ಹೊಕ್ಕರೆ ಯಂತ್ರ ಕಿರುಚುತ್ತದೆ. ಕಿವಿಗೆ ಸೂಜಿ ಚುಚ್ಚಿದ ಹಾಗಿನ ಕಿರುಚು. ಅದು ಇಡೀ ಸಭಾಂಗಣಕ್ಕೆ ಕೇಳಿತು, ಮೈಕಣ್ಣನಿಗೆ ಕಂಡಿತು. ಮಗಳು ಬೆಚ್ಚಿ ಹಿಂದೆ ಸರಿದಿದ್ದು ಕಂಡಿತು. ತೀರ್ಪುಗಾರರ ಕೈಗಳು ಕಿವಿಗೆ ಹೋಗಿದ್ದು ಕಂಡಿತು. ತಿರುಗಿ ನೋಡಿದರೆ ಕೊನೆಯ ಸಾಲಿನವರೆಗೂ ಎಲ್ಲರ ಕೈ ಕಿವಿಯ ಮೇಲೆ. ಗಾಬರಿಯಲ್ಲಿ ತಿರುಪನ್ನು ಪೂರ್ತಿ ಇಳಿಸಿದ. ಮೈಕು ಸತ್ತಿತು.

"ಶಬ್ದಮಾಲಿನ್ಯಕ್ಕೆ ಉದಾಹರಣೆ!" ಎಂದು ಯಾರೋ ಕೂಗಿದರು. ಸಭೆ ನಕ್ಕಿತು.

ಹುಡುಗಿ ಅಪ್ಪನ ಕಡೆ ನೋಡಿದಳು. ಅವನು ತಿರುಪಿನ ಮೇಲೆ ಚುಕ್ಕಿ ಹುಡುಕುತ್ತಿದ್ದ. ಅವಳು ಅಂಗೈ ಎತ್ತಿ ಬೇಡ ಎಂದಳು. ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ವೇದಿಕೆಯ ಅಂಚಿಗೆ ಬಂದು, ಬರಿಯ ಬಾಯಲ್ಲಿ ಮಾತು ಮುಂದುವರಿಸಿದಳು.

ಮೈಕಣ್ಣನಿಗೆ ಈಗ ಏನೂ ಕೇಳಲಿಲ್ಲ. ಮಾಡಲು ಕೆಲಸವೂ ಇರಲಿಲ್ಲ. ಕೆಲಸವಿಲ್ಲದ ಕಣ್ಣು ಅಭ್ಯಾಸಬಲದಿಂದ ಕೊನೆಯ ಸಾಲಿಗೆ ಹೋಯಿತು. ಅಲ್ಲಿ ಒಂದು ಕುತ್ತಿಗೆಯೂ ಮುಂದೆ ಬಂದಿರಲಿಲ್ಲ. ಬಾಗಿಲ ಹತ್ತಿರ ನಿಂತ ವಾಚ್‌ಮನ್ ಮುದುಕ ಕೂಡ ಗೋಡೆಗೊರಗಿ ತಲೆದೂಗುತ್ತಿದ್ದ. ಮೈಕಿಲ್ಲ, ಯಂತ್ರವಿಲ್ಲ, ಮೇಲೆ ಫ್ಯಾನುಗಳ ಗರಗರ. ಅಲ್ಲಿಯವರೆಗೂ ಮುಟ್ಟುತ್ತಿತ್ತು ಅವಳ ಮಾತು. ಹತ್ತಡಿ ದೂರದಲ್ಲಿ ನಿಂತ ಅವನಿಗೆ ಮಾತ್ರ ಮುಟ್ಟುತ್ತಿರಲಿಲ್ಲ.

ಗಂಟಲು ಸಣ್ಣದಿರಲಿಲ್ಲ.

ಅದು ತಲೆಗೆ ಹೋಗಿ ಕೂರುವ ಮೊದಲೇ ಇನ್ನೊಂದು ನಡೆಯಿತು. ಅವಳು ಏನೋ ಹೇಳಿದಳು; ಹೇಳಿದ ಮೇಲೆ ಸ್ವಲ್ಪ ನಿಂತಳು. ಕೊನೆಯ ಸಾಲಿನಲ್ಲಿ ಒಂದು ಮುಖ ಅವನ ಕಡೆ ತಿರುಗಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಮುಂದಿನ ಸಾಲು. ನಗುವ ಮುಖಗಳಲ್ಲ. ಎಲ್ಲ ನಮೂನೆಯ ಮುಖಗಳನ್ನೂ ಓದಿದ್ದ ಅವನಿಗೆ ಆ ನಮೂನೆಯನ್ನು ಓದಲಾಗಲಿಲ್ಲ. ಅಷ್ಟರಲ್ಲಿ ಸಮಯದ ಗಂಟೆ ಹೊಡೆದರು. ಅವಳ ಭಾಷಣ ಮುಗಿದಿರಲಿಲ್ಲ. ನಮಸ್ಕಾರ ಮಾಡಿ ಇಳಿದಳು.

ಮೊದಲ ಬಹುಮಾನ ನನ್ನ ಮೊಮ್ಮಗಳಿಗೆ ಬಂತು. ಮೈಕಣ್ಣನ ಮಗಳಿಗೆ ಏನೂ ಇಲ್ಲ. ಭಾಷಣ ಪೂರ್ಣವಾಗಲಿಲ್ಲ, ನಿಯಮ ನಿಯಮವೇ ಎಂದರು. ದೊಡ್ಡ ಟೀಚರು ಇಳಿದು ಬಂದು, "ಮುಂದಿನ ಸಲ ಸ್ವಲ್ಪ ನೋಡಿ ಮಾಡಿ" ಎಂದು, ಅವನಿಗೆ ಕೇಳಲೆಂದೋ ಏನೋ, ಎರಡು ಸಲ ಹೇಳಿದರು. ಹೊರಗೆ ಹೋಗುತ್ತಿದ್ದ ಒಬ್ಬ ತಂದೆ ಬೆನ್ನು ತಟ್ಟಿದ: "ಊರಿಗೆಲ್ಲ ಮೈಕ್ ಹಾಕಿ, ನಿನ್ನ ಮಗಳಿಗೇ ಕೈಕೊಟ್ಯಲ್ಲೋ ಮಾರಾಯ!"

ಕುರ್ಚಿಗಳು ಖಾಲಿಯಾದವು. ಅಪ್ಪ, ಮಗಳು ಎರಡು ಕೊನೆಯಿಂದ ವೈರು ಸುತ್ತುತ್ತ ಬಂದರು. ಅವಳು ಹೆಬ್ಬೆರಳು ಮೊಣಕೈ ನಡುವೆ ಸುತ್ತುವುದು ಅವನಿಂದಲೇ ಕಲಿತಿದ್ದು.

"ಮರೀ, ಮಾತು ತಪ್ಪಿದೆ."

ಅವಳ ತುಟಿ ಅಲುಗಿತು. ಅವನು ಕಾದ. ಅವಳು ಸುತ್ತುವುದು ನಿಲ್ಲಿಸಿ ಅವನ ಬಲಕ್ಕೆ ಬಂದಳು. "ಹೂಂ ಅಂದೆ ಅಪ್ಪಾ."

ಆಗ ಅವನಿಗೆ ಬಲಗಡೆಯ ಲೆಕ್ಕ ಗೊತ್ತಾಯಿತು. ಊಟದ್ದು, ಮೆಟ್ಟಿಲದ್ದು, ದಾರಿಯದ್ದು, ಎಲ್ಲವೂ.

"ಎಲ್ರೂ ನನ್ನ ಕಡೆ ಯಾಕೆ ತಿರುಗಿದ್ರು? ಏನಂದೆ?"

"ಏನಿಲ್ಲ."

"ಹೇಳೇ."

ಅವಳು ವೈರಿನ ತುದಿ ನೋಡುತ್ತ, ಪಾಠ ಒಪ್ಪಿಸುವ ಹಾಗೆ ಹೇಳಿದಳು: "ಸದ್ದು ಮೊದಲು ತಿನ್ನುವುದು ಅದರ ಪಕ್ಕದಲ್ಲಿ ನಿಂತು ನಮಗಾಗಿ ದುಡಿಯುವವರ ಕಿವಿಯನ್ನು. ಅವರು ಅದನ್ನು ಹೇಳುವುದಿಲ್ಲ. ಮನೆಯವರು ಸುಮ್ಮನೆ ಅವರ ಬಲಕ್ಕೆ ಬಂದು ಕೂರುತ್ತಾರೆ."

ಮೈಕಣ್ಣ ಸುರುಳಿಗೆ ಗಂಟು ಹಾಕಿದ. ಬಿಚ್ಚಿ ಮತ್ತೆ ಹಾಕಿದ.

"ಯಾವಾಗಿಂದ ಗೊತ್ತು ನಿಂಗೆ?"

"ನೀನು ಫೋನ್ ಈ ಕಿವಿಗೆ ಬದಲಾಯಿಸ್ದಾಗಿಂದ."

"ಅಮ್ಮಂಗೆ?"

"ಬಲಕ್ಕೆ ಕೂತ್ಕೋ ಅಂತ ಹೇಳಿದ್ದೇ ಅಮ್ಮ."

"ಬೀದಿಯೋರಿಗೆ?"

ಅವಳು ತಲೆ ತಗ್ಗಿಸಿದಳು. ಅದನ್ನು ಕೇಳಲು ಕಿವಿ ಬೇಕಾಗಿರಲಿಲ್ಲ.

"ಅದನ್ನ ಇಷ್ಟು ಜನರ ಮುಂದೆ ಹೇಳ್ಬೇಕಿತ್ತಾ?" ಅವನ ದನಿ ಖಾಲಿ ಸಭಾಂಗಣದಲ್ಲಿ ತಗಡಿಗೆ ಬಡಿಯಿತು. "ಕಿವಿ ಹೋದೋನನ್ನ ಯಾರೇ ಮೈಕ್ ಹಾಕೋಕೆ ಕರೀತಾರೆ?"

"ನಿನ್ನ ಹೆಸರು ಹೇಳ್ಲಿಲ್ಲ."

"ಮೈಕಿನ ಪಕ್ಕ ನಿಂತಿದ್ದೋನು ನಾನೊಬ್ನೇ ಅಲ್ವೇನೇ! ಹೆಸರು ಬೇರೆ ಯಾಕೆ ಬೇಕು?"

ಅವಳಿಗೆ ಅಳು ಬಂತು. ವೇದಿಕೆಯ ಮೇಲೆ ಬರದಿದ್ದ ಅಳು. "ಗೆದ್ರೆ ಆಮೇಲೆ ನಿಂಗೆ ಹೇಳ್ಬೇಕು ಅಂತಿದ್ದೆ, ಡಾಕ್ಟ್ರ ಹತ್ರ ಹೋಗೋಣ ಅಂತ. ಅಮ್ಮ ಹೇಳಿದ್ರೆ ಗದರ್ತೀಯ. ನಾನು ಕಪ್ ತಂದ್ರೆ ನೀನು ಏನು ಕೇಳಿದ್ರೂ ಹೂಂ ಅಂತೀಯಲ್ಲ, ಅದಕ್ಕೇ. ಅದಕ್ಕೇ ಮುಟ್ಬೇಡ ಅಂದಿದ್ದು. ನಿಂಗೆ ಕೇಳಿಸ್ತಿಲ್ಲ ಅಂತ ನೀನು ಏರಿಸೇ ಏರಿಸ್ತೀಯ ಅಂತ ಗೊತ್ತಿತ್ತು."

ಅವನಿಗೆ ಅದರಲ್ಲಿ ಅರ್ಧ ಕೇಳಿತು. ಉಳಿದರ್ಧ ಮುಖ ನೋಡಿ ತಿಳಿಯಿತು.

ಸಾಮಾನನ್ನು ಕೈಗಾಡಿಗೆ ಏರಿಸಿ ಮನೆಗೆ ಹೊರಟರು. ಹೂವಿನ ಗವಸಿನ ಡಬ್ಬಗಳು ಮೇಲೆ ಅಲುಗುತ್ತಿದ್ದವು. ಅವನು ತಳ್ಳುತ್ತಿದ್ದ, ಅವಳು ಬಲಕ್ಕೆ ನಡೆಯುತ್ತಿದ್ದಳು. ನನ್ನ ಅಂಗಡಿಯ ಮುಂದೆ ಬಂದಾಗ, ಮೊದಲಾದರೆ, "ಏನು ಯಜಮಾನ್ರೇ, ಕಪ್ಪು ಹೊಡೆದ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕಾದವನು ಸಣ್ಣ ದನಿಯಲ್ಲಿ ಏನೋ ಅಂದ. ಆ ದನಿ ಅವನದಲ್ಲವೆನಿಸಿತು. ಆವತ್ತಿನಿಂದ ತನ್ನ ಮಾತು ಎಷ್ಟು ಜೋರು ಎಂಬ ಅಂದಾಜು ಅವನಿಗೆ ಸಿಗುತ್ತಿಲ್ಲ. ಹಾಗಾಗಿ ಕಡಿಮೆ ಮಾತಾಡುತ್ತಾನೆ. ಟೀ ಅಂಗಡಿಯವನೂ ಜೋಕು ಬಿಟ್ಟಿದ್ದಾನೆ.

ಒಂದು ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ನನ್ನ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಹೇಳಿದ. ನಾನು ಎದ್ದು ಅವನ ಬಲಕ್ಕೆ ಹೋಗಿ ಕೂತೆ. ಅವನು ನೋಡಿ ಮುಖ ತಿರುಗಿಸಿದ.

"ನೀವೂನಾ ಯಜಮಾನ್ರೇ?"

"ಈ ಕಡೆ ನೆರಳಿದೆ ಕಣೋ."

"ಸುಳ್ಳು ಹೇಳೋಕೂ ಬರಲ್ಲ ನಿಮಗೆ. ಬಟ್ಟೆ ಹೇಗೆ ಮಾರ್ತೀರೋ!"

"ಡಾಕ್ಟ್ರ ಹತ್ರ ಹೋಗ್ತೀಯಾ?"

"ಹೋಗಿ ಏನ್ಮಾಡ್ಲಿ? ಕಿವಿಗೊಂದು ಮಿಷನ್ ಕೊಡ್ತಾರೆ. ಅದನ್ನ ಸಿಕ್ಕಿಸ್ಕೊಂಡು ಸಭೆಗೆ ಹೋದ್ರೆ, ಮೈಕಿನೋನಿಗೇ ಮೈಕ್ ಬೇಕಾಯ್ತು ಅಂತ ನಗ್ತಾರೆ."

"ಮಗಳು ಏನಂತಾಳೆ?"

"ಏನೂ ಅನ್ನಲ್ಲ. ಎಷ್ಟು ಬೇಕೋ ಅಷ್ಟೇ ಮಾತಾಡ್ತಾಳೆ. ಕಪ್ ಇಲ್ಲ, ಇನ್ನು ಏನು ಹೇಳಿ ಕೇಳ್ತಾಳೆ ಪಾಪ. ಅವಳ ಭಾಷಣ ಕೇಳಿದೋರು ಊರೆಲ್ಲ ಇದಾರೆ. ನಾನೊಬ್ಬ ಕೇಳಿಲ್ಲ."

ಶಾಲೆಯ ವಾರ್ಷಿಕ ಸಮಾರಂಭಕ್ಕೆ ಬೇರೆ ಬೀದಿಯ ಮೈಕಿನವನನ್ನು ಕರೆಸಿದರು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು ವೇದಿಕೆ ನೋಡುತ್ತ ಕೂತಿದ್ದ. ಹಿಂದಿನವರಿಗೆ ಏನೂ ಕೇಳಲಿಲ್ಲ. ಮೈಕಣ್ಣನ ಶಟರು ಅವತ್ತು ಅರ್ಧ ಇಳಿದಿತ್ತು. ಡಾಕ್ಟರ ಹತ್ತಿರ ಅವನು ಇನ್ನೂ ಹೋಗಿಲ್ಲ. ಮಗಳು ಇನ್ನೂ ಬಲಕ್ಕೇ ಕೂರುತ್ತಾಳೆ.

ಆ ಸ್ಪರ್ಧೆಯ ಕಪ್ಪು ನನ್ನ ಗಲ್ಲಾದ ಮೇಲಿನ ಗಾಜಿನ ಬೀರುವಿನಲ್ಲಿದೆ. ಬಂದ ಗಿರಾಕಿಗಳಿಗೆ ತೋರಿಸುತ್ತೇನೆ. ಹೆಮ್ಮೆಪಡುವುದರಲ್ಲಿ ನಾನೂ ಅವನಿಗಿಂತ ಕಡಿಮೆಯವನಲ್ಲ. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ನನ್ನ ಮೊಮ್ಮಗಳು ಅವತ್ತು ಅಷ್ಟು ಜನರ ಮುಂದೆ ಮಾತಾಡಿ ಮುಗಿಸಿದಳು, ಮೂರನೆಯ ವಾಕ್ಯದಿಂದ ಮುಂದೆ ಒಬ್ಬರೂ ನಗಲಿಲ್ಲ. ಅದು ಮೈಕಣ್ಣ ಮಾಡಿದ ಕೆಲಸ. ಆ ಋಣ ನನ್ನ ಮೇಲಿದೆ.